ಐಯೂಪ್‌ಗೆ ಇಪ್ಪತ್ತು ನಿಮಿಷ, ಚರ್ಮದ ಅಂಗಡಿಗೆ ಎರಡು ಗಂಟೆ

ಉಮ್ರಾ ಮುಗಿಸಿ ಬರುವ ದಾರಿಯಲ್ಲಿ ಮೂರು ದಿನ ಇಸ್ತಾಂಬುಲ್. ಮಂಗಳೂರು, ಉಳ್ಳಾಲ, ಬಂಟ್ವಾಳ, ಪುತ್ತೂರು ಕಡೆಯ ನಮ್ಮವರಲ್ಲಿ ಇದು ಈಗ ಹೊಸ ಸಂಗತಿಯೇನಲ್ಲ. ಗಲ್ಫಿನಲ್ಲಿರುವ ಮಕ್ಕಳು ಪೆರ್ನಾಲ್ ರಜೆಯಲ್ಲಿ ಹೆತ್ತವರನ್ನು ಅಲ್ಲಿಗೆ ಕರೆಸಿಕೊಳ್ಳುವುದೂ ಉಂಟು. ಹೋಗಿ ಬಂದವರ ಮನೆಗೆ ಹೋದರೆ ಒಂದು ಪೆಟ್ಟಿಗೆ ಲೋಕುಮ್ ಮಿಠಾಯಿ ಕೈಗೆ ಬರುತ್ತದೆ. ಮೊಬೈಲಿನಲ್ಲಿ ನೀಲಿ ಮಸೀದಿ, ಆಯಾಸೋಫಿಯಾ, ಸಮುದ್ರ, ಬೆಕ್ಕು. ‘ಊಟ ಹೇಗಿತ್ತು?’ ಎಂದು ಕೇಳಿದರೆ ಮಾತ್ರ ಮುಖ ಸಣ್ಣದಾಗುತ್ತದೆ. ‘ಎಂತ ಊಟ ಮಾರಾಯ್ರೇ, ಉಪ್ಪಿಲ್ಲ, ಖಾರ ಇಲ್ಲ. ಕಡೆಗೆ ಇಂಡಿಯನ್ ಹೋಟೆಲ್ ಹುಡುಕಿ ಬಿರಿಯಾನಿ ತಿಂದೆವು.’

ನಾವೂ ಹಾಗೆಯೇ ಒಂದು ಗುಂಪಿನ ಜೊತೆ ಹೋದವರು. ಯಾವ ಸಂಸ್ಥೆ ಎಂಬುದು ಇಲ್ಲಿ ಬೇಡ, ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಕತೆ ಎಂದು ಆಮೇಲೆ ಹಲವರು ಹೇಳಿದರು. ನಮ್ಮ ಉಮ್ಮನಿಗೆ ಇಸ್ತಾಂಬುಲ್ ಎಂದರೆ ಒಂದೇ ಹೆಸರು, ಅಬೂ ಅಯ್ಯೂಬ್ ಅಲ್ ಅನ್ಸಾರಿ (ರ). ಪ್ರವಾದಿಯವರು (ಸ) ಹಿಜ್ರಾ ಮಾಡಿ ಮದೀನಕ್ಕೆ ಬಂದಾಗ ಯಾರ ಮನೆಯಲ್ಲಿ ತಂಗಿದ್ದರೋ ಆ ಸಹಾಬಿ. ಮುದಿ ವಯಸ್ಸಿನಲ್ಲಿ ಸೈನ್ಯದ ಜೊತೆ ಅಷ್ಟು ದೂರ ಬಂದು, ಈ ನಗರದ ಕೋಟೆಯ ಹೊರಗೆ ಮರಣ ಹೊಂದಿದವರು. ಅವರ ಮಖಾಮ್ ಇರುವ ಇಡೀ ಪ್ರದೇಶಕ್ಕೇ ಐಯೂಪ್ ಎಂದು ಅವರದೇ ಹೆಸರು. ಮದ್ರಸದಲ್ಲಿ ಕೇಳಿದ ಕತೆಯನ್ನು ಉಮ್ಮ ಅರವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಬಸ್ಸು ನಿಂತಿತು. ಗೈಡ್ ಗಡಿಯಾರ ತೋರಿಸಿ ‘ಇಪ್ಪತ್ತು ನಿಮಿಷ’ ಎಂದ. ಮೊಣಕಾಲು ನೋವಿನ ಉಮ್ಮ ಅಂಗಳ ದಾಟಿ, ಸಾಲು ಹಿಡಿದು, ಜಾಲರಿಯ ಮುಂದೆ ನಿಂತು ಕೈ ಎತ್ತುವಷ್ಟರಲ್ಲಿ ಫೋನ್ ಬಂತು, ಬಸ್ಸು ಹೊರಡುತ್ತದೆ ಅಂತ.

ಅಲ್ಲಿಂದ ಬಸ್ಸು ಹೋಗಿ ನಿಂತದ್ದು ಚರ್ಮದ ಜಾಕೆಟಿನ ಶೋರೂಮಿನಲ್ಲಿ. ಅಲ್ಲಿ ಎರಡು ಗಂಟೆ. ಮಂಗಳೂರಿನ ಸೆಕೆಯಲ್ಲಿ ಬದುಕುವ ನಮಗೆ ಕುರಿಯ ಚರ್ಮದ ಕೋಟು!

ಏಜೆಂಟರನ್ನು ಬೈದು ಮುಗಿಸುವುದು ಸುಲಭ. ಅಂಗಡಿಯವರು ಕಮಿಷನ್ ಕೊಡುತ್ತಾರೆ, ಅದರಿಂದ ಪ್ಯಾಕೇಜಿನ ರೇಟು ಇಳಿಯುತ್ತದೆ, ರೇಟು ಇಳಿದರೆ ನಾವು ಖುಷಿ. ‘ಎಷ್ಟು ಜಾಗ ತೋರಿಸ್ತೀರಿ?’ ಎಂದು ಕೇಳುವವರು ನಾವೇ. ಹತ್ತು ಎಂದವನಿಗಿಂತ ಹದಿನೈದು ಎಂದವನು ನಮಗೆ ಒಳ್ಳೆಯವನು. ಒಂದು ಜಾಗದಲ್ಲಿ ಎಷ್ಟು ಹೊತ್ತು ಕೂರಬಹುದು ಎಂದು ಒಬ್ಬರೂ ಕೇಳಿದ್ದು ನಮಗೆ ನೆನಪಿಲ್ಲ. ನಾವೂ ಕೇಳಿರಲಿಲ್ಲ.

ಇನ್ನೊಂದು ವಿಷಯವೂ ಉಂಟು. ನಮ್ಮ ತಲೆಯಲ್ಲಿರುವ ತುರ್ಕಿ ಬೇರೆಯೇ. ಹಳೆಯ ಫೋಟೋಗಳಲ್ಲಿ ನಮ್ಮ ಅಜ್ಜಂದಿರು ಗೊಂಡೆಯ ಕೆಂಪು ತುರ್ಕಿ ಟೊಪ್ಪಿ ಹಾಕಿ ಕೂತಿದ್ದಾರೆ. ಖಿಲಾಫತ್ ಚಳವಳಿಯ ಕಾಲದಲ್ಲಿ ಈ ದೇಶದ ಮುಸ್ಲಿಮ್ ಹೆಂಗಸರು ಮೈಮೇಲಿನ ಚಿನ್ನ ಬಿಚ್ಚಿ ಕೊಟ್ಟಿದ್ದರು. ಈಗ ಮಕ್ಕಳಿಗೆ ಎರ್ತುಗ್ರುಲ್ ಸೀರಿಯಲ್ಲು. ತುರ್ಕಿಯಲ್ಲಿ ಆ ಟೊಪ್ಪಿಯನ್ನು 1925ರಲ್ಲೇ ಕಾನೂನು ಮಾಡಿ ನಿಷೇಧಿಸಿದರು. ಇವತ್ತು ಇಸ್ತಾಂಬುಲ್‌ನಲ್ಲಿ ಅದು ಕಾಣಸಿಗುವುದು ಪ್ರವಾಸಿಗರನ್ನು ಕಾಡಿಸುವ ಐಸ್‌ಕ್ರೀಮ್ ಮಾರುವವನ ತಲೆಯಲ್ಲಿ. ಸೀರಿಯಲ್ಲಿನ ಕುದುರೆ ಸವಾರನನ್ನು ಹುಡುಕಿಕೊಂಡು ಹೋದವರಿಗೆ ಕಚೇರಿಗೆ ಓಡುವ ಜನ, ತಲೆವಸ್ತ್ರ ಹಾಕಿದ ಮತ್ತು ಹಾಕದ ಹೆಂಗಸರು ಒಟ್ಟಿಗೆ ಕೂತ ಬಸ್ಸು, ಬಾಡಿಗೆ ಏರಿತೆಂದು ಗೊಣಗುವ ಟ್ಯಾಕ್ಸಿಯವರು ಸಿಗುತ್ತಾರೆ. ಕೆಲವರಿಗೆ ಇದರಿಂದ ಬೇಸರವಾಗುತ್ತದೆ. ‘ಅವರಲ್ಲಿ ದೀನ್ ಇಲ್ಲ’ ಎಂದು ಮೂರು ದಿನದಲ್ಲಿ ತೀರ್ಪು ಕೊಟ್ಟು ಬರುವವರನ್ನೂ ನಾವು ನೋಡಿದ್ದೇವೆ.

ಗುಂಪು ಊರಿಗೆ ಹೊರಟ ಮೇಲೆ ನಾವು ಐದು ದಿನ ಉಳಿದೆವು. ಫಾತಿಹ್ ಭಾಗದ ಒಂದು ಸಾಧಾರಣ ಲಾಡ್ಜಿಗೆ ಬಂದೆವು. ಸುಲ್ತಾನ್ ಅಹ್ಮದ್ ಚೌಕದ ಗಲಾಟೆಯಿಂದ ಹತ್ತಿಪ್ಪತ್ತು ನಿಮಿಷದ ದಾರಿ, ಆದರೆ ಬೇರೆ ಊರು. ತುರ್ಕಿಯಲ್ಲಿ ನಗರದ ಅತಿ ಸಣ್ಣ ಘಟಕಕ್ಕೆ ‘ಮಹಲ್ಲೆ’ ಎನ್ನುತ್ತಾರೆ. ನಮ್ಮ ಮೊಹಲ್ಲಾವೇ. ಪ್ರತಿ ಮಹಲ್ಲೆಗೂ ಜನ ಚುನಾಯಿಸಿದ ಒಬ್ಬ ಮುಖ್ತಾರ್. ಒಂದು ಮಸೀದಿ, ಒಂದು ರೊಟ್ಟಿ ಅಂಗಡಿ, ಒಂದು ಚಹಾದ ಅಂಗಡಿ, ಅದರ ಎದುರು ಬಾಗಿಲಲ್ಲೇ ಕೂತ ನಾಲ್ಕು ಮುದುಕರು. ಇಸ್ತಾಂಬುಲ್ ಅಂದರೆ ಇದು ಎಂದು ನಮಗೆ ಅನಿಸಿದ್ದು ಆಗ.

ಮೊದಲು ಊಟದ ವಿಷಯ ಹೇಳಿಬಿಡುವ. ಇಸ್ತಾಂಬುಲ್ ಊಟಕ್ಕೆ ರುಚಿಯಿಲ್ಲ ಎಂಬುದು ಪ್ರವಾಸಿ ಹೋಟೆಲಿನಲ್ಲಿ ತಿಂದವರ ಮಾತು. ಬಾಗಿಲಲ್ಲಿ ನಿಂತು ‘ಬ್ರದರ್, ಇಂಡಿಯಾ? ಶಾರುಖ್ ಖಾನ್?’ ಎಂದು ಕೈ ಹಿಡಿದು ಎಳೆಯುವ ಹೋಟೆಲಿಗೆ ಊರಿನವರು ಯಾರೂ ಹೋಗುವುದಿಲ್ಲ. ಅವರು ಹೋಗುವುದು ‘ಎಸ್ನಾಫ್ ಲೊಕಾಂತಾ’ಗೆ. ಎಸ್ನಾಫ್ ಎಂದರೆ ಅಂಗಡಿಕಾರರು, ಕಸುಬಿನವರು. ಝಕಾತಿನ ಎಂಟು ‘ಅಸ್ನಾಫ್’ ಎಂದು ಮದ್ರಸದಲ್ಲಿ ಕಲಿತೆವಲ್ಲ, ಅದೇ ಶಬ್ದ ಅಲ್ಲಿ ಹೀಗೆ ಬದಲಾಗಿದೆ. ದುಡಿಯುವವರಿಗೆ ಮಧ್ಯಾಹ್ನ ಹೊಟ್ಟೆ ತುಂಬಿಸುವ ಹೋಟೆಲು. ಮೆನು ಕಾರ್ಡಿನ ಗೊಡವೆ ಇಲ್ಲ. ಗಾಜಿನ ಹಿಂದೆ ಬಿಸಿ ತಟ್ಟೆಗಳಲ್ಲಿ ಹತ್ತಿಪ್ಪತ್ತು ಬಗೆ ಇರುತ್ತದೆ, ಬೆರಳು ತೋರಿಸಿದರೆ ಸಾಕು. ಬೇಗ ಹೋಗಬೇಕು. ಎರಡು ಗಂಟೆ ಕಳೆದರೆ ಒಳ್ಳೆಯದೆಲ್ಲ ಖಾಲಿ.

ಮೊದಲು ಚೋರ್ಬಾ ಬರುತ್ತದೆ. ಹೆಸರು ಕೇಳಿ ನಮ್ಮ ಚೋರ್ ಬಂತೆಂದು ಉಮ್ಮ ಖುಷಿಪಟ್ಟರು. ಅದು ಅನ್ನವಲ್ಲ, ಸಾರು. ಕೆಂಪು ಬೇಳೆಯನ್ನು ನುಣ್ಣಗೆ ಮಾಡಿ ಲಿಂಬೆ ಹಿಂಡಿ, ಮೆಣಸಿನ ಪುಡಿ ಉದುರಿಸಿ ಕುಡಿಯುವುದು. ಮೆಣಸಿನ ಪುಡಿಯ ಡಬ್ಬಿ ಪ್ರತಿ ಮೇಜಿನಲ್ಲೂ ಇರುತ್ತದೆ, ಖಾರ ಇಲ್ಲ ಎನ್ನುವವರು ಅದನ್ನು ನೋಡಿಯೇ ಇಲ್ಲ. ಮಿಮಾರ್ ಸಿನಾನ್ 1557ರಲ್ಲಿ ಕಟ್ಟಿ ಮುಗಿಸಿದ ಸುಲೇಮಾನಿಯೆ ಮಸೀದಿಯ ಎದುರು ಬಿಳಿ ಬೀನ್ಸ್ ಸಾರು ಮತ್ತು ಅನ್ನ ಮಾತ್ರ ಮಾರಿ ಹೆಸರಾದ ಹೋಟೆಲುಗಳ ಒಂದು ಸಾಲುಂಟು. ‘ಕುರು ಫಾಸುಲ್ಯೆ’ ಎಂದು ಅದಕ್ಕೆ ಹೆಸರು. ಹಿಂದೆ ಅಫೀಮು ಚಟದವರ ಬೀದಿ ಎಂದು ಕರೆಸಿಕೊಂಡ ಜಾಗ ಈಗ ಬೀನ್ಸಿನ ಬೀದಿ. ನೂರಾರು ವರ್ಷದ ಗುಮ್ಮಟದ ನೆರಳಿನಲ್ಲಿ ಕೂತು, ಬೆಣ್ಣೆ ಹಾಕಿದ ಅನ್ನಕ್ಕೆ ಆ ಸಾರು ಕಲಸಿ, ಜೊತೆಗೊಂದು ಹಸಿ ನೀರುಳ್ಳಿ. ಗಂಜಿ ಚಟ್ನಿಯ ಮನೆಯಿಂದ ಹೋದವರಿಗೆ ಇದು ಹೊಸದು ಅನಿಸುವುದೇ ಇಲ್ಲ.

ನಮ್ಮವರು ತಪ್ಪದೆ ನೋಡಬೇಕಾದ ಒಂದು ಬೀದಿ ‘ಕಾದಿನ್ಲರ್ ಪಜಾರಿ’. ಅರ್ಥ ಹೆಂಗಸರ ಬಜಾರು. ನಾಲ್ಕನೇ ಶತಮಾನದ ರೋಮನರ ನೀರಿನ ಕಮಾನಿನ ಬುಡದಲ್ಲೇ ಇದೆ. ಈ ಬಜಾರಿನ ಹೋಟೆಲಿನವರು ಹೆಚ್ಚಿನವರು ಸಿಯಿರ್ತ್ ಎಂಬ ಆಗ್ನೇಯ ಭಾಗದ ಊರಿಂದ ಬಂದವರು, ಕುರ್ದರು, ಅರಬರು. ತುರ್ಕಿಯಲ್ಲಿ ಹೆಚ್ಚಿನವರು ಹನಫಿಗಳಾದರೂ ಆ ಕಡೆಯವರು ಸಾಮಾನ್ಯವಾಗಿ ನಮ್ಮ ಹಾಗೆ ಶಾಫಿಗಳು. ಅಲ್ಲಿ ಸಿಗುವುದು ‘ಬುರ್ಯಾನ್’. ನೆಲದಲ್ಲಿ ತೋಡಿದ ಆಳವಾದ ಗುಂಡಿಯ ತಳದಲ್ಲಿ ಕೆಂಡ, ಮೇಲೆ ಇಡೀ ಕುರಿಯನ್ನು ನೇತುಹಾಕಿ ಬಾಯಿ ಮುಚ್ಚುತ್ತಾರೆ. ಗಂಟೆಗಟ್ಟಲೆ ತನ್ನದೇ ಕೊಬ್ಬಿನಲ್ಲಿ ಬೆಂದ ಮಾಂಸವನ್ನು ತೂಕ ಮಾಡಿ, ರೊಟ್ಟಿಯ ಮೇಲೆ ಹಾಕಿ ಕೊಡುತ್ತಾರೆ. ಮಸಾಲೆ ಎಂದರೆ ಉಪ್ಪು. ಬುರ್ಯಾನ್, ಬಿರಿಯಾನಿ ಎರಡೂ ಹುರಿ ಎಂಬ ಅರ್ಥದ ಒಂದೇ ಫಾರಸಿ ಶಬ್ದದಿಂದ ಬಂದವು. ಒಂದೇ ಶಬ್ದ ಅಲ್ಲಿ ಗುಂಡಿಗೆ ಇಳಿಯಿತು, ಇಲ್ಲಿ ದಮ್ ಪಾತ್ರೆಗೆ ಬಂತು.

ಅದಕ್ಕಿಂತಲೂ ಉಮ್ಮನನ್ನು ಕೂರಿಸಿ ಹಾಕಿದ್ದು ‘ಪೆರ್ದೆ ಪಿಲಾವ್’. ಪೆರ್ದೆ ಎಂದರೆ ಪರದೆ. ಕೋಳಿ, ಬಾದಾಮಿ, ಒಣದ್ರಾಕ್ಷಿ ಹಾಕಿದ ಅನ್ನವನ್ನು ಮೈದಾ ಹಿಟ್ಟಿನ ತೆಳು ಹೊದಿಕೆಯೊಳಗೆ ಮುಚ್ಚಿ ಬೇಯಿಸುತ್ತಾರೆ, ತಿರುವಿ ಹಾಕಿದರೆ ಟೊಪ್ಪಿಯ ಹಾಗೆ ನಿಲ್ಲುತ್ತದೆ. ಸಿಯಿರ್ತ್‌ನಲ್ಲಿ ಇದು ಮದುವೆಯ ಅಡುಗೆ. ಉಮ್ಮ ಹೊದಿಕೆ ಒಡೆದು, ಹಬೆ ಮೂಸಿ ನೋಡಿ, ‘ದಮ್ಮಿಗೆ ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತುತ್ತೇವಲ್ಲ, ಇವರು ಆ ಹಿಟ್ಟನ್ನೂ ಬಿಡುವುದಿಲ್ಲ’ ಎಂದರು. ಅಡುಗೆಯವನನ್ನು ಕರೆದು ಎಷ್ಟು ಹೊತ್ತು ಬೇಯಿಸುತ್ತೀ ಎಂದು ಬ್ಯಾರಿ ಭಾಷೆಯಲ್ಲೇ ಕೇಳಿದರು. ಅವನಿಗೆ ಅರ್ಥವಾದದ್ದು ಎಷ್ಟೋ ಗೊತ್ತಿಲ್ಲ, ಒಳಗೆ ಕರೆದುಕೊಂಡು ಹೋಗಿ ಒಲೆ ತೋರಿಸಿದ. ಮೂರು ದಿನ ಬಸ್ಸಿನಲ್ಲಿ ಮಾತೇ ಆಡದೆ ಕೂತಿದ್ದ ಉಮ್ಮ ಅವರು.

ಭಾಷೆ ಬರುವುದಿಲ್ಲ ಎಂಬ ಹೆದರಿಕೆ ನಮ್ಮವರಿಗೆ ಬೇಡ. ಬಿಲ್ಲಿಗೆ ಅಲ್ಲಿ ‘ಹೆಸಾಪ್’, ನಮ್ಮ ಹಿಸಾಬು. ತಾರೀಖು, ದುಕಾನು, ಹವಾ, ದುನಿಯಾ ಎಲ್ಲ ಸ್ವಲ್ಪ ಸ್ವರ ಬದಲಾಯಿಸಿ ಅಲ್ಲೂ ಇವೆ. ಉಂಡ ಮೇಲೆ ಅಡುಗೆಯವರಿಗೆ ‘ಎಲಿನೆ ಸಾಲಿಕ್’ ಎನ್ನಬೇಕು, ನಿನ್ನ ಕೈಗೆ ಆರೋಗ್ಯ ಸಿಗಲಿ ಅಂತ. ಕೆಲಸ ಮಾಡುತ್ತಿರುವವರ ಎದುರು ಹಾದು ಹೋಗುವಾಗ ‘ಕೊಲಾಯ್ ಗೆಲ್ಸಿನ್’, ಕೆಲಸ ಸುಲಭವಾಗಲಿ. ಈ ಎರಡು ಮಾತು ಕಲಿತರೆ ಅರ್ಧ ಬಾಗಿಲು ತೆರೆಯುತ್ತದೆ. ಇನ್ನು ಫಾತಿಹ್‌ನ ಅಕ್‌ಶೆಮ್ಸೆತ್ತಿನ್ ಬೀದಿಯ ಕಡೆ ಯುದ್ಧದಿಂದ ಓಡಿ ಬಂದ ಸಿರಿಯಾದವರು ಹೋಟೆಲು, ಬೇಕರಿ, ಮಿಠಾಯಿ ಅಂಗಡಿ ಇಟ್ಟುಕೊಂಡಿದ್ದಾರೆ. ಅಲ್ಲಿ ಅರಬಿ ನಡೆಯುತ್ತದೆ. ಜುಬೈಲಿನಲ್ಲೋ ದಮ್ಮಾಮಿನಲ್ಲೋ ಇಪ್ಪತ್ತು ವರ್ಷ ದುಡಿದು ಕಲಿತ ಅರಬಿ ಕಡೆಗೂ ಕೆಲಸದ ಹೊರಗೆ ಒಂದು ಉಪಯೋಗಕ್ಕೆ ಬಂತು!

ಹಲಾಲ್ ವಿಷಯ ಎಲ್ಲರೂ ಕೇಳುತ್ತಾರೆ. ಮಾಂಸ ಸಾಮಾನ್ಯವಾಗಿ ಹಲಾಲೇ, ಅದಕ್ಕಾಗಿಯೇ ಬೋರ್ಡು ಹಾಕುವವರು ಕಡಿಮೆ. ನೋಡಬೇಕಾದ್ದು ಮದ್ಯ. ತಕ್ಸಿಮ್, ಕಾದಿಕೊಯ್ ಕಡೆ ಅದೇ ಹೋಟೆಲಿನಲ್ಲಿ ಅದೂ ಇರುತ್ತದೆ. ಫಾತಿಹ್, ಉಸ್ಕುದಾರ್, ಐಯೂಪ್ ಕಡೆಯ ಲೊಕಾಂತಾಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ವೆಫಾದಲ್ಲಿ 1876ರಿಂದ ನಡೆಯುತ್ತಿರುವ ಬೋಜಾ ಅಂಗಡಿಗೆ ಎಲ್ಲರೂ ಕಳಿಸುತ್ತಾರೆ. ಧಾನ್ಯ ಹುದುಗಿಸಿ ಮಾಡುವ ದಪ್ಪ, ಹುಳಿ-ಸಿಹಿ ಪಾನೀಯ, ಮೇಲೆ ದಾಲ್ಚಿನ್ನಿ ಪುಡಿ, ಹುರಿಗಡಲೆ. ಹುದುಗಿಸಿದ್ದು ಎಂಬ ಕಾರಣಕ್ಕೆ ಹಿಂಜರಿಯುವವರು ತಮ್ಮ ಉಸ್ತಾದರನ್ನು ಕೇಳಿಕೊಂಡು ಹೋಗಲಿ. ನಾವು ಕುಡಿಯಲಿಲ್ಲ, ಅಂಗಡಿ ನೋಡಿ ಬಂದೆವು.

ತಮಾಷೆ ಇರುವುದು ಕಾದಿಕೊಯ್‌ನಲ್ಲಿ. ಏಷ್ಯಾ ಕಡೆಯ ದಡ, ಹಡಗು ಇಳಿದ ಕೂಡಲೇ ಮೀನಿನ ಮಾರ್ಕೆಟು. ಅಲ್ಲಿ ‘ಮಿದ್ಯೆ ದೊಲ್ಮಾ’ ಮಾರುತ್ತಾರೆ. ಚಿಪ್ಪಿನೊಳಗೆ ಮಸಾಲೆ ಅನ್ನ ತುಂಬಿದ, ನಮ್ಮ ಮರ್ವಾಯಿಯ ದೊಡ್ಡಣ್ಣನಂತಹ ಜೀವಿ. ಕಾಸರಗೋಡು ಕಡೆಯ ನೆಂಟರ ಮನೆಯಲ್ಲಿ ಅರಿ ಕಡುಕ್ಕ ತಿಂದವರಿಗೆ ಹೇಳಬೇಕಾಗಿಲ್ಲ. ನಿಂತಲ್ಲೇ ಲಿಂಬೆ ಹಿಂಡಿ ತಿನ್ನುವುದು, ಸಾಕು ಎನ್ನುವವರೆಗೆ ಅವನು ಒಂದೊಂದೇ ಕೊಡುತ್ತಾ ಹೋಗುತ್ತಾನೆ, ಆಮೇಲೆ ಚಿಪ್ಪು ಎಣಿಸಿ ಹಣ. ಹನಫಿ ಮದ್ಹಬ್ ಪ್ರಕಾರ ಸಮುದ್ರದ್ದರಲ್ಲಿ ಮೀನು ಮಾತ್ರ ಹಲಾಲ್, ಆದರೆ ಹನಫಿಗಳ ಆ ಊರಿನಲ್ಲಿ ಇದು ಗಲ್ಲಿ ಗಲ್ಲಿಯಲ್ಲಿ ಉಂಟು. ಶಾಫಿಗಳಾದ ನಾವು ನಿಶ್ಚಿಂತೆಯಿಂದ ತಿಂದೆವು. ಜನ ಮುತ್ತಿಕೊಂಡಿರುವ ಗಾಡಿ ನೋಡಿ ತಿನ್ನಿ, ಬಿಸಿಲಲ್ಲಿ ಇಟ್ಟದ್ದು ಬೇಡ.

ಉಸ್ಕುದಾರ್‌ಗೆ ಎಮಿನೊನುವಿನಿಂದ ಹಡಗು. ಬಸ್ಸಿನ ಟಿಕೆಟಿನ ಕಾರ್ಡೇ ಸಾಕು, ಹಣ ಕೊಟ್ಟು ಬೇರೆ ‘ಬಾಸ್ಫರಸ್ ಕ್ರೂಸ್’ ಬೇಕಿಲ್ಲ. ಹಡಗು ಆಗದವರಿಗೆ 2013ರಿಂದ ಸಮುದ್ರದ ಅಡಿಯಲ್ಲೇ ರೈಲು ಉಂಟು. ದಡದಲ್ಲೇ ಸಿನಾನ್ 1548ರಲ್ಲಿ ಕಟ್ಟಿದ ಮಿಹ್ರಿಮಾ ಸುಲ್ತಾನ್ ಮಸೀದಿ. ಸ್ವಲ್ಪ ಮುಂದೆ ನೀರಿನ ಅಂಚಿನಲ್ಲಿ ಅವನದೇ ಪುಟ್ಟ ಶೆಮ್ಸಿ ಪಾಶಾ ಮಸೀದಿ. ಹಕ್ಕಿ ಕೂರದ ಮಸೀದಿ ಎಂದು ಅದಕ್ಕೆ ಅಡ್ಡಹೆಸರು. ನಾವು ಹೋದಾಗ ಎರಡು ಕಡಲಹಕ್ಕಿ ಆರಾಮಾಗಿ ಕೂತಿದ್ದವು.

ಅಸರ್ ಬಾಂಗ್ ಆಯಿತು. ಉಮ್ಮ ಊರಿನ ಅಭ್ಯಾಸದಂತೆ ಹೊರಗೆ ಕಲ್ಲಿನ ಮೇಲೆ ಕೂತರು. ಅಲ್ಲಿಯ ಹೆಂಗಸೊಬ್ಬರು ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಲ್ಲಿ ಹೆಂಗಸರಿಗೆ ಮಸೀದಿಯಲ್ಲಿ ಜಾಗ ಇರುವುದು ವಿಶೇಷವೇ ಅಲ್ಲ. ಉಸ್ಕುದಾರ್‌ನಲ್ಲೇ 2009ರಲ್ಲಿ ತೆರೆದ ಶಾಕಿರಿನ್ ಮಸೀದಿಯ ಒಳಾಂಗಣ ವಿನ್ಯಾಸ ಮಾಡಿದವರೇ ಒಬ್ಬ ಮಹಿಳೆ, ಝೈನೆಪ್ ಫಾದಿಲ್ಲಿಯೊಲು. ಮಕ್ಕಾ ಮದೀನ ಬಿಟ್ಟರೆ ಎಪ್ಪತ್ತು ವರ್ಷದಲ್ಲಿ ಉಮ್ಮ ಮಸೀದಿಯಲ್ಲಿ ಜಮಾಅತಿನ ಜೊತೆ ನಿಂತದ್ದು ಅದೇ ಮೊದಲು. ಈ ವಿಚಾರದಲ್ಲಿ ಊರಿನಲ್ಲಿ ಯಾರು ಏನು ಹೇಳುತ್ತಾರೆ ಎಂದು ನಮಗೆ ಗೊತ್ತುಂಟು, ಆ ಚರ್ಚೆಗೆ ಈ ಪುಟ ಸಾಲದು. ಹೊರಗೆ ಬಂದ ಉಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟು ಮಾತ್ರ ಬರೆಯುತ್ತೇವೆ.

ಉಸ್ಕುದಾರ್‌ನಿಂದ ದಡ ಹಿಡಿದು ಸ್ವಲ್ಪ ದೂರ ಹೋದರೆ ಕುಜ್‌ಗುನ್‌ಜುಕ್. ಮರದ ಮನೆಗಳು, ನೆರಳಿನ ಬೀದಿ, ಕಟ್ಟಡ ಕಟ್ಟಲು ಬಂದಾಗ ಊರವರೇ ಹೋರಾಡಿ ಉಳಿಸಿಕೊಂಡ ಒಂದು ತರಕಾರಿ ತೋಟ. ಇಲ್ಲಿ 1952ರಲ್ಲಿ ಕಟ್ಟಿದ ಮಸೀದಿ ಮತ್ತು ಅರ್ಮೇನಿಯನ್ ಚರ್ಚು ಅಕ್ಕಪಕ್ಕ ನಿಂತಿವೆ. ಹತ್ತಿರದಲ್ಲೇ ಗ್ರೀಕರ ಚರ್ಚು, ಯಹೂದಿಯರ ಸಿನಗಾಗ್. ಎಲ್ಲರೂ ಇಲ್ಲಿ ಫೋಟೋ ತೆಗೆದು ‘ಸೌಹಾರ್ದ’ ಎಂದು ಸ್ಟೇಟಸ್ ಹಾಕುತ್ತಾರೆ. ನಾವೂ ಹಾಕಿದೆವು. ಆಮೇಲೆ ಗೊತ್ತಾಯಿತು, ಕಟ್ಟಡ ಉಂಟು, ಮನುಷ್ಯರು ಹೆಚ್ಚಿನವರು ಹೋಗಿಯಾಗಿದೆ. 1942ರಲ್ಲಿ ಮುಸ್ಲಿಮೇತರರ ಮೇಲೆ ಬೆನ್ನು ಮುರಿಯುವ ಸಂಪತ್ತು ತೆರಿಗೆ, 1955ರ ಸೆಪ್ಟೆಂಬರಿನಲ್ಲಿ ಗ್ರೀಕರ ಅಂಗಡಿ-ಮನೆ-ಚರ್ಚುಗಳ ಮೇಲೆ ಗುಂಪಿನ ದಾಳಿ, 1964ರಲ್ಲಿ ಗ್ರೀಸ್ ಪೌರತ್ವದವರ ಗಡೀಪಾರು. ಸ್ಪೇನಿನಿಂದ 1492ರಲ್ಲಿ ಹೊರಹಾಕಲ್ಪಟ್ಟ ಯಹೂದಿಯರಿಗೆ ಆಸರೆ ಕೊಟ್ಟ ಊರೂ ಇದೇ, ನಾಲ್ಕೂವರೆ ಶತಮಾನದ ನಂತರ ನೆರೆಯವರನ್ನು ಓಡಿಸಿದ ಊರೂ ಇದೇ. ಅಲ್ಲಿ ದಾಳಿ ಮಾಡಿದ ಗುಂಪಿನವರು ನಮ್ಮವರು, ಬಹುಸಂಖ್ಯಾತರು. ಕರಾವಳಿಯಲ್ಲಿ ಬಾಗಿಲು ಹಾಕಿಕೊಂಡು ರಾತ್ರಿ ಕಳೆದ ನೆನಪಿರುವ ನಾವು ಆ ಬೀದಿಯಲ್ಲಿ ಇದನ್ನು ತಿಳಿದುಕೊಂಡೇ ನಡೆಯಬೇಕು. ಟೂರ್ ಗೈಡ್ ಇದನ್ನು ಹೇಳುವುದಿಲ್ಲ.

ಬಲಾತ್ ಮತ್ತು ಫೆನೆರ್ ಬಗ್ಗೆಯೂ ಇಷ್ಟೇ. ಬಣ್ಣದ ಮನೆಗಳ ಎದುರು ಬಟ್ಟೆ ಬದಲಾಯಿಸಿ ಬದಲಾಯಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವು ಯಾರದ್ದೋ ಮೆಟ್ಟಿಲು, ಯಾರದ್ದೋ ಒಣಹಾಕಿದ ಬಟ್ಟೆ. ನಮ್ಮ ಮನೆಯ ಜಗಲಿಗೆ ಹತ್ತು ಜನ ಕ್ಯಾಮರಾ ಹಿಡಿದು ಬಂದರೆ ಬಿಡುತ್ತೇವಾ?

ಆಯಾಸೋಫಿಯಾ ನೋಡಬೇಡಿ ಎಂದು ನಾವು ಹೇಳುತ್ತಿಲ್ಲ. 2020ರಿಂದ ಅದು ಮತ್ತೆ ಮಸೀದಿ. 2024ರಿಂದ ಮೇಲಿನ ಅಂತಸ್ತು ನೋಡಲು ವಿದೇಶಿಯರಿಗೆ 25 ಯೂರೋ ಟಿಕೆಟು. ನಮಾಝಿಗೆ ಹೋಗುವವರಿಗೆ ಕೆಳಗೆ ಟಿಕೆಟ್ ಇಲ್ಲ. ಒಂದು ಹೊತ್ತು ಅದಕ್ಕೂ ನೀಲಿ ಮಸೀದಿಗೂ ಕೊಡಿ. ಉಳಿದದ್ದು ಮೊಹಲ್ಲಾಗಳಿಗೆ ಇರಲಿ.

ರೊಟ್ಟಿ ಅಂಗಡಿಗಳಲ್ಲಿ ‘ಅಸ್ಕಿದಾ ಎಕ್ಮೆಕ್’ ಎಂಬ ಬೋರ್ಡು ಕಾಣಬಹುದು. ನೇತುಹಾಕಿದ ರೊಟ್ಟಿ ಎಂದು ಅರ್ಥ. ಎರಡು ರೊಟ್ಟಿಗೆ ಹಣ ಕೊಟ್ಟು ಒಂದನ್ನು ತೆಗೆದುಕೊಂಡು ಹೋಗುತ್ತಾರೆ, ಇನ್ನೊಂದು ಇಲ್ಲದವನಿಗೆ. ಬಂದವನು ‘ಅಸ್ಕಿದಾ ಉಂಟಾ?’ ಎಂದು ಕೇಳಿ ಒಯ್ಯುತ್ತಾನೆ. ಕೊಟ್ಟವರು ಯಾರು ಎಂದು ಅವನಿಗೆ ಗೊತ್ತಿಲ್ಲ, ಫೋಟೋ ಇಲ್ಲ, ಕಿಟ್ ವಿತರಣೆಯ ಬ್ಯಾನರ್ ಇಲ್ಲ. ನಾವು ಇರುವಷ್ಟು ದಿನ ನಮ್ಮ ಗಲ್ಲಿಯ ಅಂಗಡಿಯಲ್ಲಿ ಹಾಗೆಯೇ ಮಾಡಿದೆವು. ಮೂರನೇ ದಿನದಿಂದ ಅಂಗಡಿಯವನು ನಾವು ಹೊರಗೆ ಕಂಡರೆ ಸಲಾಂ ಹೇಳತೊಡಗಿದ.

ಕಡೆಯ ದಿನ ಉಮ್ಮನನ್ನು ಮತ್ತೆ ಐಯೂಪ್‌ಗೆ ಕರೆದುಕೊಂಡು ಹೋದೆವು. ಎಮಿನೊನುವಿನಿಂದ ನೀರಿನ ಅಂಚಿನಲ್ಲೇ ಟ್ರಾಮ್ ಹೋಗುತ್ತದೆ. ಬೆಳಿಗ್ಗೆ, ಬಸ್ಸುಗಳು ಬರುವ ಮೊದಲು. ಅಂಗಳದ ಹಳೆಯ ಮರದ ಕೆಳಗೆ ಪಾರಿವಾಳಗಳು. ಉಮ್ಮ ಜಾಲರಿಯ ಎದುರು ಸಲಾಂ ಹೇಳಿ, ಯಾಸೀನ್ ಓದಿ, ಮೂಲೆಯಲ್ಲಿ ಕೂತರು. ಮುದುಕಿಯೊಬ್ಬರು ಎಲ್ಲರಿಗೂ ಮಿಠಾಯಿ ಹಂಚುತ್ತಾ ಬಂದು ಉಮ್ಮನ ಕೈಗೂ ಎರಡು ಹಾಕಿದರು. ‘ಹಿಂದಿಸ್ತಾನ್?’ ಎಂದು ಕೇಳಿದರು. ಉಮ್ಮ ‘ಮಂಗಳೂರು’ ಎಂದರು. ನಾವು ಗಡಿಯಾರ ನೋಡಲಿಲ್ಲ. ಉಮ್ಮ ಏಳುವವರೆಗೆ ಕಾದೆವು.

ಮುಂದಿನ ಗುಂಪುಗಳು ಈಗ ಬುಕಿಂಗ್ ಮಾಡುತ್ತಿರಬಹುದು. ಹಣ ಕಟ್ಟುವ ಮೊದಲು ಏಜೆಂಟರ ಹತ್ತಿರ ದಿನದ ವೇಳಾಪಟ್ಟಿಯನ್ನು ಬರಹದಲ್ಲಿ ಕೇಳಿ. ಐಯೂಪ್‌ನಲ್ಲಿ ಎಷ್ಟು ಹೊತ್ತು, ಅಂಗಡಿಗಳಲ್ಲಿ ಎಷ್ಟು ಹೊತ್ತು, ಒಂದು ಪೂರ್ತಿ ದಿನ ಬಿಡುವು ಕೊಡುತ್ತೀರಾ, ಲಾಡ್ಜು ಫಾತಿಹ್‌ನಲ್ಲೋ ಉಸ್ಕುದಾರ್‌ನಲ್ಲೋ ಸಿಗುತ್ತದಾ. ಒಂದು ಕುಟುಂಬ ಕೇಳಿದರೆ ‘ನೋಡುವ’ ಎನ್ನುತ್ತಾರೆ. ಗುಂಪಿನ ಹತ್ತು ಮನೆಯವರು ಒಟ್ಟಾಗಿ ಕೇಳಿ.